ನಿಮ್ಮ ಮಗ್ಗದ ಮ್ಯಾಲ ಯಾರ ಕುಂಡರ್ತಾರ?

ಗಜೇಂದ್ರಗಡದಾಗ ಕಲ್ಲವ್ವನ ಮನಿಗೆ ಹಾಲ ಹಾಕಾಂವ ಸೈತ ಅಂಜತಿದ್ದ. ನೀರ ಬೆರಸಿಯೇನು ಅಂತ ಆಕಿ ಕೇಳತಿದ್ದಿಲ್ಲ, ಯಾವ ಬಾವಿ ನೀರು ಅಂತ ಕೇಳತಿದ್ಳು. ಬೀಗರು ಹಬ್ಬಕ್ಕ ಕರದ್ರ, ಇದರಾಗ ಏನರ ಮಸಲತ್ತ ಐತೇನು ಅಂತ ಎರಡ ದಿನ ವಿಚಾರ ಮಾಡಿ, ಆಮ್ಯಾಲ ಹೋಗಾಕಿ. ಐವತ್ತೆರಡು ವರ್ಷದ ಹೆಂಗಸು, ಸೀರಿ ನೇಯಾಕಿ. ಮುಂಜಾನೆ ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟು ಕುಂತ್ಳಂದ್ರ ಸಂಜಿತನಾ ಏಳತಿದ್ದಿಲ್ಲ. ಗಂಡ ಪ್ರಭುಲಿಂಗಪ್ಪ ಪೂರಾ ಉಲ್ಟಾ. ದಾರ್ಯಾಗ ಹೋಗಾಂವ ಕೈ ಎತ್ತಿದ್ರ ಕರದು ಚಾ ಕುಡಸಿ ಕಳಸಾಂವ. ಇಂಥಾ ಜೋಡಿ ಯಾಕ ಹಾಕಿದೆಪಾ ಅಂತ ದೇವರನ್ನ ಕೇಳಬೇಕು.

ಹಂಗಂತ ಆಕಿಗೆ ಸಂಶೇ ಸುಮ್ಮನ ಬಂದಿದ್ದಿಲ್ಲ ಬಿಡ್ರಿ. ಲಗ್ನ ಆದ ಹೊಸತಾಗ ಇಬ್ಬರೂ ಸಾವಕಾರನ ನೂಲಿಗೆ ಕೂಲಿ ನೇಯತಿದ್ರು. ಒಬ್ಬ ದೋಸ್ತ ಬಂದು ಕಣ್ಣೀರ ಹಾಕಿದ ಅಂತ ಪ್ರಭುಲಿಂಗಪ್ಪ ಸಾವಕಾರನ ರೇಶ್ಮಿ ನೂಲು ನಾಕ ಲಡಿ ಎತ್ತಿ ಕೊಟ್ಟ. ದೋಸ್ತ ಹೋದಾಂವ ಹೋದನ. ಸಾವಕಾರ ಓಣಿ ಮಂದಿ ಎದರಿಗೆ ಗಂಡ ಹೆಂಡ್ತಿ ಇಬ್ಬರನ್ನೂ ಕಳ್ಳರು ಅಂದ. ಅವತ್ತಿನಿಂದ ಕಲ್ಲವ್ವ ಗಂಡಗ ಮಗ್ಗದ ಮ್ಯಾಲ ಕುಂಡರಗೊಡಲಿಲ್ಲ. ಕಂಡಕಿಗೆ ನೂಲ ಸುತ್ತೂದು, ಸಂತಿ ಮಾಡೂದು ಅಂವಂದು, ನೇಯೂದು ಆಕಿದು. ಇಪ್ಪತ್ತ ವರ್ಷ ಹಲ್ಲ ಕಚ್ಚಿ ದುಡದು, ಸಾವಕಾರನ ನೂಲ ಬಿಟ್ಟು, ಸ್ವಂತ ನೂಲಿನ ಮ್ಯಾಲ ನಿಂತ್ಳು. ಮತ್ತ ಮಂದಿ ನೂಲಿಗೆ ಕೈ ಹಚ್ಚೂದಂದ್ರ ಆಕಿಗೆ ಮತ್ತ ಕಳ್ಳಿ ಅನಿಸಿಕೊಂಡಂಗ.

ಹೋದ ವರ್ಷ ಪ್ಯಾಟ್ಯಾಗ ರೇಶ್ಮಿ ದರ ಮುಗಿಲ ಮುಟ್ಟಿತು. ಪ್ರಭುಲಿಂಗಪ್ಪ ಮೊಬೈಲ್‌ನಾಗ ಎಳಿಬಜಾರ ಅನ್ನೂ ಆ್ಯಪ್ ತಗದು ತೋರಿಸಿದ. ಅದರಾಗ ಹೊರದೇಶದಾಂವ ಒಬ್ಬ ಅಸಲಿ ರೇಶ್ಮಿ ಭಾಳ ಸೋವಿ ಮಾರತಿದ್ದ.

"ಯಾವ ಊರಾಂವ? ಯಾರ ಮಗ? ಏನ್ ನೋಡಿ ನಂಬಬೇಕ್ರಿ ಅವನ್ನ?" ಅಂದ್ಳು ಕಲ್ಲವ್ವ.

"ಸ್ಯಾಂಪಲ್ ಕಳಸ್ತಾನಂತ, ಪುಕಟ."

ಸ್ಯಾಂಪಲ್ ಅಂದಕೂಡಲೆ ಆಕಿ ಸಂಶೇ ಸಡಲಾತು. ನಮ್ಮ ಸೀಮ್ಯಾಗ ವ್ಯಾಪಾರ ನಡಿಯೂದ ಹಂಗ. ನರಗುಂದದಾಗ ಕಡ್ಲಿ ಇರಲಿ, ರೋಣದಾಗ ಹತ್ತಿ ಇರಲಿ, ಒಂದ ಹಿಡಿ ನೋಡಿ ಇಡೀ ರಾಶಿ ಹಿಡೀತಾರ. ಸ್ಯಾಂಪಲ್‌ನಾಗ ಯಾರೂ ಮೋಸ ಮಾಡೂದಿಲ್ಲ, ಯಾಕಂದ್ರ ನಾಳೆ ಅದ ಬಜಾರದಾಗ ಮುಖ ತೋರಿಸಬೇಕಲ್ಲ! ಈ ವ್ಯಾಪಾರಿಗೆ ತೋರ್ಸಾಕ ಮುಖಾನ ಇಲ್ಲ ಅನ್ನೂದು, ಹಾಲಿನಾಗ ಬಾವಿ ಹುಡಕಾಕಿಗೆ ಆ ಹೊತ್ತಿನಾಗ ಹೊಳೀಲಿಲ್ಲ ನೋಡ್ರಿ. ಸ್ಯಾಂಪಲ್ ಬಂತು. ಒಂದ ಎಳಿಗೆ ಕಡ್ಡಿ ಕೊರದ್ಳು. ಕೂದಲ ಸುಟ್ಟ ವಾಸನಿ ಬಂತು, ಬೂದಿ ಬೆರಳಿನಾಗ ಪುಡಿಪುಡಿ ಆತು. ಅಸಲಿ ರೇಶ್ಮಿ. ಇಡೀ ವರ್ಷದ ನೂಲಿನ ರೊಕ್ಕ ಒಂದ ದಿನ ಹಾಕಿ ಕುಂತ್ಳು.

ಪಾರ್ಸಲ್ ಬಂದ ದಿನ ಮ್ಯಾಲಿನ ಎರಡ ಲಡಿ ಸುಟ್ಟು ನೋಡಿದ್ಳು, ಅಸಲಿ. ಮೂರನೇದು ಕರಗಿ ಮಣಿ ಆತು, ಪ್ಲಾಸ್ಟಿಕ್ ನಾರಿತು. ಅದರ ಕೆಳಗಿಂದೆಲ್ಲಾ ಅದ ಮಾಲು. ವ್ಯಾಪಾರಿ ಫೋನ್ ಬಂದ್. ಎಳಿಬಜಾರದವರಿಗೆ ಕೇಳಿದ್ರ, "ನಾವು ಅಂಗಡಿ ತೋರಸೋರಷ್ಟ, ಮಾಲು ನಮ್ದಲ್ಲ" ಅಂದ್ರು.

ಮುಂದಿನ ವಾರದಾಗನ ಸಾವಕಾರನ ಮಗ ಬಾಗಿಲಿಗೆ ಬಂದ. "ಕಲ್ಲಕ್ಕಾ, ನೂಲ ಕಳಸ್ಲೇನು? ಕೂಲಿ ಚಲೋ ಕೊಡ್ತೀನಿ" ಅಂದ. ನಕ್ಕೋತನ ಅಂದ. ಸುದ್ದಿ ಇವಗ ಯಾರ ಮುಟ್ಟಿಸಿದ್ರು ಅಂತ ಆಕಿ ಇಡೀ ಓಣಿ ಮ್ಯಾಲ ಸಂಶೇ ಪಟ್ಳು. ಬಾಯಿಲೆ ಮಾತ್ರ, "ಮುಂದ ನೋಡೂನು" ಅಂದು ಬಾಗಿಲ ಹಾಕಿದ್ಳು.

ಕಲ್ಲವ್ವನ ಅಣ್ಣನ ಮಗಳು ಶಾಂಭವಿ ರೋಣದಾಗ ವಕೀಲಕಿ ಮಾಡ್ತಾಳ. ಆಕಿ ಬಂದು, ಗ್ರಾಹಕರ ಕಾಯ್ದೆ ಐತಿ, ಮಾರಿದಾಂವ ಯಾವ ದೇಶದಾಗ ಇದ್ರೂ ನಾವು ನಮ್ಮ ಜಿಲ್ಲಾದಾಗ, ಗದಗಿನ ಆಯೋಗದಾಗ ಕೇಸ್ ಹಾಕಬಹುದು, ಅವನ್ನ ಹುಡುಕೂದು ಆಗಲಿಲ್ಲಂದ್ರ ಅಂಗಡಿ ತೋರಿಸಿದ ಬೆಂಗಳೂರಿನ ಆ್ಯಪ್‌ನವರನ್ನ ಹಿಡೀಬಹುದು ಅಂತ ಹೇಳಿದ್ಳು.

"ಕೇಸಿಗೆ ಫೀ ಎಷ್ಟು?" ಅಂದ್ಳು ಕಲ್ಲವ್ವ.

"ಇಷ್ಟಕ್ಕ ಫೀ ಇಲ್ಲತ್ತಿ."

"ಮತ್ತ ಪುಕಟನಾ? ಸ್ಯಾಂಪಲ್ಲೂ ಪುಕಟ ಇತ್ತವಾ! ಈ ಕಾಯ್ದೆ ಮಾಡಿದಾಂವ ಯಾರು? ಅವಗೇನ ಲಾಭ?"

ಶಾಂಭವಿ ನಕ್ಕು ನಕ್ಕು ಕಣ್ಣ ಒರಿಸಿಕೊಂಡ್ಳು. ಕಲ್ಲವ್ವ ನಗಲಿಲ್ಲ. ಅರ್ಜಿಯ ಒಂದೊಂದ ಸಾಲೂ ಎರಡೆರಡ ಸಲ ಓದಿಸಿ ಕೇಳಿ, ಆಮ್ಯಾಲ ಸಹಿ ಹಾಕಿದ್ಳು.

ಗದಗಿನಾಗ ವಿಚಾರಣಿ ದಿನ ಆ್ಯಪ್‌ನವರ ವಕೀಲ ಒಂದ ಹಾಳಿ ಎತ್ತಿ ಹಿಡದ. "ಈ ಹೆಣ್ಮಗಳು ಗ್ರಾಹಕಳ ಅಲ್ಲ, ವ್ಯಾಪಾರಸ್ಥಳು. ನೋಡ್ರಿ, ನಮ್ಮ ಆ್ಯಪ್‌ನಾಗ ಇವರ ಬರದ ಮಾಹಿತಿ: ಮಗ್ಗ ಆರು, ಕೆಲಸಗಾರರು ಹನ್ನೆರಡು."

ಕಲ್ಲವ್ವ ಗರ್ರನ ಗಂಡನ ಕಡೆ ತಿರುಗಿದ್ಳು. ಪ್ರಭುಲಿಂಗಪ್ಪನ ಮುಖ ಬೆಳ್ಳಗಾಗಿತ್ತು. ದೊಡ್ಡ ಗಿರಾಕಿಗೆ ದರ ಇನ್ನೂ ಕಡಿಮಿ ಅಂತ ಆ್ಯಪ್‌ನಾಗ ಬರದಿದ್ದು ನೋಡಿ, ಪುಣ್ಯಾತ್ಮ ಒಂದ ಮಗ್ಗ ಆರ ಮಾಡಿದ್ದ, ಇದ್ದಿಲ್ಲದ ಹನ್ನೆರಡ ಆಳು ಹುಟ್ಟಿಸಿದ್ದ. ಶಾಂಭವಿ ಆಕಿ ಕಿವಿಯಾಗ ಹೇಳಿದ್ಳು: ಹೊಟ್ಟಿಪಾಡಿಗೆ ಸ್ವಂತ ಕೈಲೆ ದುಡಿಯೋರಷ್ಟ ಗ್ರಾಹಕರು, ಆಳ ಹಚ್ಚಿ ವ್ಯಾಪಾರ ಮಾಡೋರಿಗೆ ಈ ಕಾಯ್ದೆ ಇಲ್ಲ. ಇದು ಖರೇ ಅಂತಾದ್ರ ಕೇಸ್ ಇಲ್ಲೇ ಮುಗೀತು. ಕಲ್ಲವ್ವನ ಕಣ್ಣ ಮುಂದ ಸಾವಕಾರನ ಮಗನ ನಗಿ ಬಂತು.

ಆಯೋಗದ ಅಧ್ಯಕ್ಷರು ಕೇಳಿದ್ರು, "ನಿಮ್ಮ ಮಗ್ಗದ ಮ್ಯಾಲ ಯಾರ ಕುಂಡರ್ತಾರಮ್ಮಾ?"

ಏನ್ ಹೇಳಿದ್ರ ಎಲ್ಲಿ ಸಿಕ್ಕೊಂತೀನೋ ಅಂತ ಕಲ್ಲವ್ವ ಶಾಂಭವಿ ಕಡೆ ನೋಡಿದ್ಳು. ಆವಾಗ ಪ್ರಭುಲಿಂಗಪ್ಪ ಎದ್ದು ನಿಂತ.

"ಆ ಹಾಳ್ಯಾಗ ಸುಳ್ಳ ಬರದಾಂವ ನಾನ್ರಿ ಸಾಹೇಬ್ರ. ಇರೂದು ಒಂದ ಮಗ್ಗ. ಅದರ ಮ್ಯಾಲ ಇಕಿ ಒಬ್ಬಾಕಿನ ಕುಂಡರ್ತಾಳ."

"ನಿಮಗ ನೇಯಾಕ ಬರೂದಿಲ್ಲೇನು?"

"ಬರ್ತದ್ರಿ. ಇಕಿಗೆ ಅಂಚು ಹಾಕೂದು ಕಲಿಸಿದಾಂವ ನಾನ."

"ಮತ್ಯಾಕ ಕುಂಡರೂದಿಲ್ಲ?"

ಪ್ರಭುಲಿಂಗಪ್ಪ ಟೊಪಗಿ ತಗದು ಕೈಯಾಗ ಹಿಡಕೊಂಡ. "ಇಪ್ಪತ್ತೆಂಟು ವರ್ಷದ ಹಿಂದ ಒಂದ ತಪ್ಪ ಮಾಡಿದ್ನಿರಿ. ಇಕಿಗೆ ನನ್ನ ಮ್ಯಾಲ ನಂಬಿಕಿ ಇಲ್ಲ. ಲಾಳಿ ಮುಟ್ಟಬೇಕಂತ ಎಷ್ಟೋ ಸಲ ಕೈ ತುರಸ್ತಾವು. ಇಕಿ ಊರಿಗೆ ಹೋದಾಗ ಸೈತ ಮುಟ್ಟಿಲ್ರಿ. ಗಂಡಗ ಮುಟ್ಟಗೊಡದಾಕಿ, ಆಳ ಹಚ್ತಾಳೇನ್ರಿ?"

ಯಾರೋ ಹಿಂದ ಕಿಸಕ್ಕನ ನಕ್ರು. ಅಧ್ಯಕ್ಷರು ನಗಲಿಲ್ಲ. ಕಲ್ಲವ್ವ ತಲಿ ಎತ್ತಲಿಲ್ಲ.

ಎರಡ ತಿಂಗಳಿಗೆ ಆರ್ಡರ್ ಬಂತು. ಅರ್ಜಿದಾರಳು ಗ್ರಾಹಕಳ ಹೌದು. ಹೊರದೇಶದ ವ್ಯಾಪಾರಿ ಪತ್ತೆ ಕೊಡದ ಎಳಿಬಜಾರ ಪೂರಾ ರೊಕ್ಕ ಬಡ್ಡಿ ಸಮೇತ ತಿರುಗಿ ಕೊಡಬೇಕು. ಆ ಆರ್ಡರ್ ಕಾಗದ ತರಾಕ ಮೂವರೂ ಗದಗಿಗೆ ಹೋಗಿ ಬರಮುಂದ, ಶಾಂಭವಿ ರೋಣದಾಗ ಬಸ್ ಇಳದ್ಳು. "ಅವರು ಮ್ಯಾಲಿನ ಆಯೋಗಕ್ಕ ಹೋದ್ರೂ ಹೋಗಬಹುದತ್ತಿ, ಅಂಜಬ್ಯಾಡ್ರಿ" ಅಂದು ಹೋದ್ಳು.

ಬಸ್ಸಿನಾಗ ಗಂಡ ಹೆಂಡ್ತಿ ಇಬ್ಬರ ಉಳದ್ರು. ಆ ಮನಷ್ಯಾ ತುಂಬಿದ ಸಭಾದಾಗ ತನ್ನ ಮಾನ ಬಿಚ್ಚಿಟ್ಟು ಆಕಿ ನೂಲ ಉಳಿಸಿದ್ದ. ಎರಡ ತಿಂಗಳಿಂದ ಆಕಿ ಅದನ್ನ ಮರತಿದ್ದಿಲ್ಲ. ಹೊರಗ ಹೊಲ ನೋಡಿಕೋತ, ಸಣ್ಣ ದನಿಲೆ ಅಂದ್ಳು:

"ಹೊಸಾ ನೂಲ ಬಂದಮ್ಯಾಲ ಒಂದ ಸೀರಿ ನೀವ ನೇಯ್ರಿ."

ಪ್ರಭುಲಿಂಗಪ್ಪ ಆರ್ಡರ್ ಕಾಗದ ಬಿಚ್ಚಿ, ಒಂದ ಸಾಲಿನ ಮ್ಯಾಲ ಬೆರಳಿಟ್ಟು ತೋರಿಸಿದ.

"ಇಲ್ಲಿ ನೋಡು. ಮಗ್ಗದ ಮ್ಯಾಲ ಈಕಿ ಒಬ್ಬಾಕಿನ ಕುಂಡರ್ತಾಳ ಅಂತ ಬರದಾರ. ಅವರು ಮ್ಯಾಲಿನ ಆಯೋಗಕ್ಕ ಹೋದ್ರ ಇದು ಸುಳ್ಳ ಆಗಬಾರ್ದಲ್ಲ. ಬ್ಯಾಡ ಬಿಡು."

ಖರೇನ ಕಾಯ್ದೆಗೆ ಅಂಜಿ ಅಂದ್ನೋ, ಇಪ್ಪತ್ತೆಂಟು ವರ್ಷದ ಸಿಟ್ಟ ಹಿಂಗ ತೀರಿಸಿಕೊಂಡ್ನೋ ಅಂತ ಕಲ್ಲವ್ವ ಗಜೇಂದ್ರಗಡ ಬರೂತನಕ ಅಂವನ ಮುಖಾನ ನೋಡಿದ್ಳು. ಆಕಿಗೆ ತಿಳೀಲಿಲ್ಲ.