ಗೇರ್‌ಬಾಕ್ಸಿನೊಳಗೆ ಹೊಳೆಯಾಚೆಯ ಹನ್ನೊಂದು ಮನೆ

ಶನಿವಾರ ಬೆಳಗಿನ ಐದೂವರೆ. ಬೆಥೆಲ್ ಗ್ಯಾಪ್ ಊರಿನ ಕೊನೆಯ ಮನೆಯ ಶೆಡ್ಡಿನಲ್ಲಿ ಆಗಲೇ ದೀಪ ಉರಿಯುತ್ತಿದೆ. ಮಾರ್ಚ್ ತಿಂಗಳ ಚಳಿಗೆ ಎರಡು ಸ್ವೆಟರ್ ಹಾಕಿಕೊಂಡು, ತೀರಿಹೋದ ಗಂಡನ ಬೂಟಿನೊಳಗೆ ಕಾಲು ತೂರಿಸಿಕೊಂಡು, ಡೆಲ್ಫಾ ಸ್ಟಿನೆಟ್ ಕೇಕು ಬೇಯಿಸುವ ತಟ್ಟೆಯ ಮುಂದೆ ನಿಂತಿದ್ದಾರೆ. ತಟ್ಟೆಯಲ್ಲಿ ಕೇಕಿಲ್ಲ. ರಾತ್ರಿಯಿಡೀ ಕೆಂಪು ಆಯಿಲ್‌ನಲ್ಲಿ ನೆನೆದ ಹೊಸ ಕ್ಲಚ್ ಪ್ಲೇಟುಗಳಿವೆ. ಪಕ್ಕದಲ್ಲಿ ಪಡ್ಡಿನ ಹೆಂಚಿನ ಹಾಗೆ ಗುಳಿಗಳಿರುವ ಇನ್ನೊಂದು ತಟ್ಟೆ. ಅದರ ಗುಳಿಗೊಂದರಂತೆ ಉಕ್ಕಿನ ಗುಂಡು, ಸ್ಪ್ರಿಂಗು, ತಿರುಪು.

ಹಿಂದುಗಡೆ ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ಅವರ ಪಿಕಪ್ ನಿಂತಿದೆ. ಅದರ ಹೊಟ್ಟೆ ಖಾಲಿ. ಹೊಟ್ಟೆಯೊಳಗಿದ್ದ ಆಟೊಮ್ಯಾಟಿಕ್ ಗೇರ್‌ಬಾಕ್ಸು ಚೂರುಚೂರಾಗಿ ಉದ್ದನೆಯ ಊಟದ ಮೇಜಿನ ಮೇಲೆ ಹರಡಿಕೊಂಡಿದೆ. ಅದು ಸೋಮವಾರ ಬೆಳಿಗ್ಗೆ ಏಳಕ್ಕೆ ಮೊದಲು ಗಾಡಿಯೊಳಗಿರಬೇಕು, ಗಾಡಿ ರಸ್ತೆಯ ಮೇಲಿರಬೇಕು.

ಐವತ್ತೆಂಟರ ಡೆಲ್ಫಾ ಮೆಕ್ಯಾನಿಕ್ ಅಲ್ಲ, ಅಂಚೆ ಹಂಚುವವರು. ಆರ್ಕನ್ಸಾದ ಈ ಗುಡ್ಡಗಾಡಿನಲ್ಲಿ ಅಂಚೆಯವರು ಸ್ವಂತ ಗಾಡಿಯನ್ನೇ ತರುತ್ತಾರೆ. ದಿನಕ್ಕೆ ಎಂಬತ್ತೆಂಟು ಮೈಲಿ, ಮುನ್ನೂರ ನಲವತ್ತೆರಡು ಡಬ್ಬಿ, ವಾರಕ್ಕೆ ಆರು ದಿನ, ಮೂವತ್ತೊಂದು ವರ್ಷ. ಮನೆಮನೆಯ ಕಾಗದದ ಡಬ್ಬಿಗಳು ರಸ್ತೆಬದಿಯ ಕಂಬಗಳ ಮೇಲೆ, ಬಲಕ್ಕೆ; ಗಾಡಿಯ ಸ್ಟಿಯರಿಂಗ್ ಎಡಕ್ಕೆ. ಹಾಗಾಗಿ ಅವರು ಉದ್ದ ಸೀಟಿನ ಬಲತುದಿಗೆ ಸರಿದು ಕೂರುತ್ತಾರೆ. ಎಡಗೈ ಚಾಚಿ ಸ್ಟಿಯರಿಂಗ್, ಎಡಗಾಲು ಚಾಚಿ ಬ್ರೇಕು ಮತ್ತು ಆಕ್ಸಿಲರೇಟರ್, ಬಲಗೈಯಿಂದ ಕಿಟಕಿಯಾಚೆಯ ಡಬ್ಬಿಗೆ ಕಾಗದ. ನೋಡುವವರಿಗೆ ಸರ್ಕಸ್ಸು. "ಮದುವೆಯಾದ ಹೊಸದರಲ್ಲಿ ನಮ್ಮತ್ತೆ ಹೇಳಿದ್ರು, ನಿನ್ನ ಎಡಗಾಲು ಬಲಗಾಲಿಗಿಂತ ಉದ್ದ ಆಗತ್ತೆ ಕಣೇ ಅಂತ. ಉದ್ದ ಆಗ್ಲಿಲ್ಲ, ಮಂಡಿ ಮಾತ್ರ ಹೋಯ್ತು" ಎಂದು ಅವರು ನಗುತ್ತಾರೆ.

ಮಂಡಿಗಿಂತ ಮೊದಲು ಹೋಗುವುದು ಗೇರ್‌ಬಾಕ್ಸು. ಮುನ್ನೂರ ನಲವತ್ತೆರಡು ಸಲ ನಿಲ್ಲಿಸು, ಮುನ್ನೂರ ನಲವತ್ತೆರಡು ಸಲ ಹೊರಡಿಸು. ಯಾವ ಕ್ಲಚ್ ಪ್ಲೇಟು ತಾಳೀತು? ಇದು ಅವರು ಬಿಚ್ಚುತ್ತಿರುವ ನಾಲ್ಕನೆಯ ಗೇರ್‌ಬಾಕ್ಸು. ಮೊದಲನೆಯದನ್ನು ಬಿಚ್ಚಿದ್ದು ಹತ್ತೊಂಬತ್ತು ವರ್ಷದ ಹಿಂದೆ. ಪೇಟೆಯ ಗ್ಯಾರೇಜಿನವರು ಮೂರು ವಾರ ಆಗುತ್ತದೆ ಎಂದಿದ್ದರು, ಅಂಚೆ ಮೂರು ವಾರ ಕಾಯುವುದಿಲ್ಲ. ಆಗ ಪಕ್ಕದ ಮನೆಯ ಓರ್ವಲ್ ಟೀಗ್, ಟ್ರ್ಯಾಕ್ಟರ್ ರಿಪೇರಿಯಲ್ಲಿ ಜೀವ ಸವೆಸಿದವರು, ಮೊಗಚಿದ ಬಕೆಟ್ಟಿನ ಮೇಲೆ ಕೂತು ಹೇಳಿಕೊಟ್ಟರು. ಈಗ ಅವರಿಗೆ ಎಪ್ಪತ್ತೆಂಟು. ಬಕೆಟ್ಟು ಅದೇ, ಕೂರುವ ಜಾಗವೂ ಅದೇ.

ಈ ಸಲದ ಕಥೆ ಶುರುವಾದದ್ದು ಮಂಗಳವಾರ. ಕೇನಿ ಹೊಳೆಗೆ ಸೇತುವೆಯಿಲ್ಲ. ನೀರಿನಡಿಯ ಸಿಮೆಂಟು ಹಾಸಿನ ಮೇಲೆ ಗಾಡಿ ದಾಟಿಸಬೇಕು. ದಾಟಿ ಆಚೆ ದಡ ಹತ್ತುವಾಗ ಇಂಜಿನ್ ಬೊಬ್ಬೆ ಹೊಡೆಯಿತೇ ಹೊರತು ಚಕ್ರ ಅಲ್ಲಾಡಲಿಲ್ಲ. ಓರ್ವಲ್ ತಮ್ಮ ಟ್ರ್ಯಾಕ್ಟರಿನಿಂದ ಎಳೆದು ತಂದರು. ಕೆಳಗೆ ಸೋರಿದ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿತ್ತು, ಸುಟ್ಟ ವಾಸನೆ ಹೊಡೆಯುತ್ತಿತ್ತು.

ಬುಧವಾರದಿಂದ ಬದಲಿಯಾಗಿ ಲೀಲೆಂಡ್ ಫೈಕ್ಸ್ ಎಂಬವರು ತಮ್ಮ ಪುಟ್ಟ ಕಾರಿನಲ್ಲಿ ಅಂಚೆ ಹಂಚುತ್ತಿದ್ದಾರೆ. ಆ ಕಾರು ಹೊಳೆ ದಾಟುವುದಿಲ್ಲ. ಹೊಳೆಯಾಚೆ ಹನ್ನೊಂದು ಮನೆಗಳಿವೆ. ಆ ಯಾವ ಮನೆಗೂ ಅಂಚೆ ಇಲ್ಲ. ಗುರುವಾರ ಅಂಚೆ ಕಚೇರಿಯಿಂದ ಆ ಮನೆಗಳಿಗೆ ಫೋನು ಹೋಯಿತು: ಸೋಮವಾರವೂ ಗಾಡಿ ಬರದಿದ್ದರೆ, ಸದ್ಯಕ್ಕೆ ನಿಮ್ಮ ಡಬ್ಬಿಗಳನ್ನು ಕಿತ್ತು ಹೊಳೆಯ ಈಚೆ ದಡದಲ್ಲಿ ನೆಡಿ.

"ಸದ್ಯಕ್ಕೆ!" ಎಂದು ಡೆಲ್ಫಾ ಆಯಿಲ್ ಕೈಯನ್ನು ಚಿಂದಿಬಟ್ಟೆಗೆ ಒರೆಸುತ್ತಾರೆ. "ಪಕ್ಕದ ಕಣಿವೆಯವರಿಗೂ ಸದ್ಯಕ್ಕೆ ಅಂತಾನೇ ಹೇಳಿದ್ರು. ಹದಿನಾಲ್ಕು ವರ್ಷ ಆಯ್ತು. ಒಂದು ಸಲ ಈಚೆಗೆ ಬಂದ ಡಬ್ಬಿ ಮತ್ತೆ ಆಚೆಗೆ ಹೋಗಲ್ಲ. ಕಚೇರಿಯವರನ್ನ ಬೈದು ಏನು ಪ್ರಯೋಜನ? ಅವರೂ ಎಷ್ಟು ದಿನ ಅಂತ ಕಾಯ್ತಾರೆ. ಆದ್ರೆ ಮಿಸ್ ಝೆಲ್ಲಾಗೆ ಎಂಬತ್ನಾಲ್ಕು. ಒಂದೂವರೆ ಮೈಲಿ ನಡೆದು, ಮೊಣಕಾಲುದ್ದ ನೀರು ದಾಟಿ, ಕಾಗದ ಇದೆಯೋ ಇಲ್ವೋ ಅಂತ ನೋಡ್ಬೇಕಾ ಅವರು?" ಝೆಲ್ಲಾ ಮೇಬ್ರಿ ದಾರಿಯ ಕೊನೆಯ ಮನೆಯವರು; ಮದುವೆಯಾದವರಾದರೂ ಹಿರಿಯ ಹೆಂಗಸರನ್ನು ಇಲ್ಲಿ ಗೌರವದಿಂದ ಮಿಸ್ ಎಂದೇ ಕರೆಯುತ್ತಾರೆ.

ಓರ್ವಲ್ ತಮ್ಮ ಪಿಕಪ್ ಕೊಡುತ್ತೇನೆಂದರು. ಅದು ಹೊಳೆ ದಾಟುತ್ತದೆ. ಆದರೆ ಅದರಲ್ಲಿ ಮೂರು ಪೆಡಲು, ಕೈಯಲ್ಲಿ ಹಾಕುವ ಗೇರು. ಬಲಸೀಟಿನಿಂದ ಒಂದೇ ಕಾಲಿನಲ್ಲಿ ಮೂರು ಪೆಡಲು ತುಳಿಯಲು ಡೆಲ್ಫಾಗೂ ಬರುವುದಿಲ್ಲ. "ಇನ್ನೊಂದು ಕಾಲು ಬೆಳೆಸ್ಕೊಂಡು ಬಾ ಹುಡುಗಿ, ಬೀಗದಕೈ ಕೊಡ್ತೀನಿ" ಎಂದರಂತೆ ಓರ್ವಲ್.

ಹೊಸ ಪ್ಲೇಟು, ಸೀಲುಗಳ ಪೊಟ್ಟಣ ಶುಕ್ರವಾರ ಬಂತು. ಬಂದದ್ದು ಅಂಚೆಯಲ್ಲೇ. ಲೀಲೆಂಡ್ ತಂದು ಡೆಲ್ಫಾ ಅವರದೇ ಡಬ್ಬಿಗೆ ಹಾಕಿ, ಹಾರ್ನ್ ಹೊಡೆದು ಹೋದರು.

ಗೇರ್‌ಬಾಕ್ಸು ಬಿಚ್ಚುವುದು ಯಾರಿಗಾದರೂ ಬರುತ್ತದೆ. ಮತ್ತೆ ಅದೇ ಕ್ರಮದಲ್ಲಿ ಜೋಡಿಸುವುದರಲ್ಲೇ ಇರುವುದು ಕಷ್ಟ. ಕೆಲವರು ಫೋಟೊ ತೆಗೆದಿಟ್ಟುಕೊಳ್ಳುತ್ತಾರೆ, ಕೆಲವರು ಪುಸ್ತಕ ನೋಡುತ್ತಾರೆ. ಡೆಲ್ಫಾ ಒಂದೊಂದು ಭಾಗಕ್ಕೂ ತಮ್ಮ ದಾರಿಯ ಒಂದೊಂದು ಮನೆಯ ಹೆಸರಿನ ಚೀಟಿ ಇಡುತ್ತಾರೆ. ಮೊದಲು ಹೊರಬರುವ ಪಂಪಿಗೆ, ಕಚೇರಿ ಬಿಟ್ಟ ಕೂಡಲೇ ಸಿಗುವ ಹಡಲ್‌ಸ್ಟನ್ ಮನೆಯ ಹೆಸರು. ಎರಡನೆಯದಕ್ಕೆ ಎರಡನೆಯ ಮನೆ. ಹೀಗೆ, ನಡುವಿನ ನೂರಾರು ಮನೆ ಬಿಟ್ಟು, ಮೂವತ್ತೆಂಟು ಚೀಟಿ. ಕೊನೆಯ ಹನ್ನೊಂದು ಹೊಳೆಯಾಚೆಯವು, ತೀರ ತಳದಿಂದ ಹೊರಬರುವ ರೋಲರ್ ಬಳೆ ಝೆಲ್ಲಾ ಮನೆ. ಜೋಡಿಸುವಾಗ ಅದೇ ದಾರಿಯಲ್ಲಿ ಹಿಂದಕ್ಕೆ ಬಂದರಾಯಿತು. ರಸ್ತೆ ಮರೆಯುವ ಪ್ರಶ್ನೆಯೇ ಇಲ್ಲ.

ಮೇಜಿನ ನಡುವೆ ಸೀಮೆಸುಣ್ಣದ ಗೆರೆ, ಅದೇ ರಸ್ತೆ. ಬಲಗಡೆಯ ಸಾಲಿನ ಭಾಗಗಳು ಮುಖ ಮೇಲಾಗಿ ಕೂರುತ್ತವೆ, ಇದ್ದ ಹಾಗೇ ಎತ್ತಿ ಇಡಬೇಕು. ಎಡಸಾಲಿನವು ಬೋರಲು, ಅವನ್ನು ತಿರುವಿ ಇಡಬೇಕು. ಹತ್ತೊಂಬತ್ತು ವರ್ಷದಿಂದ ಈ ಕಟ್ಟಳೆ ಕೈಕೊಟ್ಟಿಲ್ಲ.

ಶನಿವಾರ ಮಧ್ಯಾಹ್ನ ಮೂರರ ಹೊತ್ತಿಗೆ ಮೂವತ್ತೇಳು ಚೀಟಿ ಮೇಜಿನಿಂದ ಎದ್ದಿವೆ. ಸಣ್ಣ ಗುಂಡುಗಳು ಜಾರದಂತೆ ವ್ಯಾಸಲೀನ್ ಮೆತ್ತಿ ಕೂರಿಸಿದ್ದಾಗಿದೆ. ಕೊನೆಗೆ ಉಳಿದ ಪಂಪನ್ನು ಕೂರಿಸುವ ಮುನ್ನ ಡೆಲ್ಫಾ ಅಭ್ಯಾಸದಂತೆ ಒಳಗಿನ ದಂಡವನ್ನು ಕೈಯಿಂದ ತಿರುಗಿಸಿ ನೋಡುತ್ತಾರೆ. ತಳದ ಬಳೆ ಒಂದು ಕಡೆಗೆ ಸಲೀಸಾಗಿ ತಿರುಗಬೇಕು, ಇನ್ನೊಂದು ಕಡೆಗೆ ಗಟ್ಟಿಯಾಗಿ ಹಿಡಿಯಬೇಕು. ಅದು ಹಿಡಿಯುತ್ತದೆ. ಆದರೆ ತಿರುಗಬೇಕಾದ ಕಡೆಗೆ ಹಿಡಿಯುತ್ತದೆ.

ಅವರು ಮೂರು ಸಲ ತಿರುಗಿಸಿ ನೋಡುತ್ತಾರೆ. ಆಮೇಲೆ ಕೈ ಬಿಟ್ಟು, ಮೇಜಿನ ಅಂಚು ಹಿಡಿದು ನಿಲ್ಲುತ್ತಾರೆ.

"ಝೆಲ್ಲಾ ಮನೆ ತಪ್ಪಿದೆ."

"ಯಾವ ಮನೆ?" ಬಕೆಟ್ಟಿನ ಮೇಲಿಂದ ಓರ್ವಲ್ ಕೇಳುತ್ತಾರೆ.

"ಕೊನೇದು. ಬಳೆ ತಲೆಕೆಳಗಾಗಿದೆ. ತಿರುವೇ ಇಲ್ಲ ನಾನು."

ಆದದ್ದಿಷ್ಟು. ಬಲಸಾಲಿನಲ್ಲಿ ಜಾಗ ಸಾಲದೆ, ಹೊಳೆಯಾಚೆಯ ಹನ್ನೊಂದನ್ನು ಎಡಸಾಲಿನಲ್ಲಿ ಬೋರಲು ಇಟ್ಟಿದ್ದರು. ಆದರೆ ಹೊಳೆಯಾಚೆ ರಸ್ತೆ ಗುಡ್ಡವನ್ನು ಸುತ್ತಿ ವಾಪಸು ಬರುತ್ತದೆ, ಅಲ್ಲಿ ಎಲ್ಲ ಮನೆಯೂ ಬಲಗಡೆಯೇ. ಜೋಡಣೆಗೆ ಕೂತು ಝೆಲ್ಲಾ ಚೀಟಿ ಓದಿದ ಕೂಡಲೇ ಕೈ ಮೇಜಿನ ಲೆಕ್ಕ ಬಿಟ್ಟು ರಸ್ತೆಯ ಲೆಕ್ಕ ಹಿಡಿಯಿತು. ಉಳಿದ ಹತ್ತು ಎರಡೂ ಮುಖ ಒಂದೇ ಆಗಿರುವಂಥವು, ಹೇಗಿಟ್ಟರೂ ನಡೆಯುತ್ತದೆ. ಬಳೆ ಹಾಗಲ್ಲ. ಮೊಟ್ಟಮೊದಲು ಒಳಗೆ ಹೋದದ್ದೇ ತಪ್ಪು, ಅದರ ಮೇಲೆ ಒಂದು ಇಡೀ ದಿನದ ಕೆಲಸ ಕೂತಿದೆ.

"ಮೂವತ್ತೊಂದು ವರ್ಷದಲ್ಲಿ ಒಂದು ಕಾಗದ ತಪ್ಪು ಡಬ್ಬಿಗೆ ಹಾಕಿಲ್ಲ ಅಂತ ಜಂಬ ಕೊಚ್ಕೊತಿದ್ದೆ ನೀನು. ಈಗ ಮನೇನೇ ತಲೆಕೆಳಗೆ ಹಾಕಿದೀಯಲ್ಲ ಮಾರಾಯ್ತಿ!" ಓರ್ವಲ್ ಬಿಡುವವರಲ್ಲ.

ಡೆಲ್ಫಾ ನಗುವುದಿಲ್ಲ. "ಹೆದರಿಕೆ ಆಯ್ತು ನಂಗೆ, ಸುಳ್ಳು ಯಾಕೆ ಹೇಳ್ಲಿ" ಎಂದು ಆಮೇಲೆ ಹೇಳುತ್ತಾರೆ. "ನನ್ನ ಗಂಡ ಲಾಯ್ಡ್ ಸತ್ತ ವಾರದಲ್ಲೂ ನಾನು ಆ ಹನ್ನೊಂದು ಮನೆ ಬಿಟ್ಟಿರ್ಲಿಲ್ಲ. ಈಗ ನನ್ನ ಕೈಯಾರೆ ಕಳೀತೀನಲ್ಲ ಅನ್ನಿಸ್ತು." ಹತ್ತು ನಿಮಿಷ ಹೊರಗೆ ಹೋಗಿ ಅಂಗಳದಲ್ಲಿ ನಿಂತು ಬಂದು, ಎರಡನೆಯ ಮನೆಯಿಂದ ಮತ್ತೆ ಬಿಚ್ಚಲು ಶುರುಮಾಡುತ್ತಾರೆ. ಕತ್ತಲಾಗುವ ಹೊತ್ತಿಗೆ ಬಳೆ ಹೊರಗಿದೆ.

ಭಾನುವಾರ ದೇವರ ದಿನ, ಬೆಥೆಲ್ ಗ್ಯಾಪ್‌ನಲ್ಲಿ ಯಾರೂ ಉಪಕರಣ ಮುಟ್ಟುವುದಿಲ್ಲ. ಓರ್ವಲ್ ಅಂತೂ ಚರ್ಚಿನ ಹಿರಿಯರಲ್ಲೊಬ್ಬರು, ಭಾನುವಾರ ಹುಲ್ಲು ಕತ್ತರಿಸುವವರನ್ನು ಕಂಡರೂ ಹುಬ್ಬು ಗಂಟಿಕ್ಕುವವರು. ಡೆಲ್ಫಾ ಮಾತ್ರ ಬೆಳಕು ಹರಿಯುವಾಗಲೇ ಶೆಡ್ಡಿನಲ್ಲಿದ್ದಾರೆ. ಈ ಸಲ ಬಳೆಯನ್ನು ಇಟ್ಟು, ಇನ್ನೇನೂ ಇಡುವ ಮೊದಲು ಬೆರಳಿನಿಂದ ತಿರುಗಿಸಿ ನೋಡುತ್ತಾರೆ. ಒಂದು ಕಡೆ ಸಲೀಸು, ಒಂದು ಕಡೆ ಗಟ್ಟಿ. ಪ್ರತಿ ಕ್ಲಚ್ಚಿಗೂ ಗಾಳಿ ಹಾಯಿಸಿ, ಒಳಗಿನಿಂದ 'ಟಪ್' ಎಂಬ ಸದ್ದು ಬರುವವರೆಗೆ ಮುಂದಕ್ಕೆ ಹೋಗುವುದಿಲ್ಲ.

ಒಂದು ಗಂಟೆಗೆ ಓರ್ವಲ್ ಬರುತ್ತಾರೆ. ಬಿಳಿ ಶರ್ಟು, ಟೈ, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಒಳಗೆ ಕರಿದ ಕೋಳಿ, ಬೀನ್ಸು, ಜೋಳದ ರೊಟ್ಟಿ.

"ಪಾದ್ರಿಗಳು ನಿನ್ನ ಜಾಗ ಖಾಲಿ ಇದ್ದದ್ದು ನೋಡಿದ್ರು."

"ಏನಂದ್ರು?"

"ಗೇರ್‌ಬಾಕ್ಸಿಗೂ ಸೇರಿಸಿ ಪ್ರಾರ್ಥನೆ ಮಾಡಿದ್ರು. ನೋಡು, ನಾನು ಸ್ಪ್ಯಾನರ್ ಮುಟ್ಟಲ್ಲ. ಟಾರ್ಚ್ ಹಿಡೀತೀನಿ. ಟಾರ್ಚ್ ಹಿಡಿಯೋದು ಕೆಲಸ ಅಲ್ಲ."

ಜ್ಯಾಕಿನ ಮೇಲೆ ಕೂರಿಸಿದ ಗೇರ್‌ಬಾಕ್ಸನ್ನು ಗಾಡಿಯಡಿಗೆ ತಳ್ಳಿ, ಮೇಲೆತ್ತಿ, ಇಂಜಿನ್ನಿಗೆ ಕೂರಿಸಬೇಕು. ಒಂದು ಕೂದಲಿನಷ್ಟು ವಾರೆಯಾದರೂ ಕೂರುವುದಿಲ್ಲ. ಡೆಲ್ಫಾ ಅಂಗಾತ ಮಲಗಿ ಒಬ್ಬರೇ ಮುಕ್ಕಾಲು ಗಂಟೆ ಹೆಣಗುತ್ತಾರೆ. ಮಂಡಿ ಸಹಕರಿಸುವುದಿಲ್ಲ. ಟಾರ್ಚಿನ ಬೆಳಕು ಅಲ್ಲಾಡುತ್ತದೆ, ಅಲ್ಲಾಡಿ ನೆಲಕ್ಕೆ ಇಳಿಯುತ್ತದೆ. ಓರ್ವಲ್ ಟೈ ಬಿಚ್ಚಿ ಬಕೆಟ್ಟಿನ ಮೇಲಿಟ್ಟು, ಬಿಳಿ ಶರ್ಟಿನಲ್ಲೇ ಗಾಡಿಯಡಿಗೆ ತೆವಳುತ್ತಾರೆ.

"ಇದು ಸ್ಪ್ಯಾನರ್ ಅಲ್ಲ ತಾನೆ?"

"ಅಲ್ಲ ಕಣ್ರೀ, ಹೆಗಲು ಕೊಡಿ ಸಾಕು."

ಗೇರ್‌ಬಾಕ್ಸು ಕೂರುತ್ತದೆ. ಶರ್ಟಿನ ಬೆನ್ನಿಗೆ ಕೆಂಪು ಆಯಿಲ್ ಅಂಗೈಯಗಲ ಇಳಿದಿದೆ. "ನಮ್ಮ ಮೇಮಿ ನನ್ನ ಕೊಂದೇ ಹಾಕ್ತಾಳೆ" ಎನ್ನುತ್ತಾರೆ ಓರ್ವಲ್. ಹೆಂಡತಿಗೆ ಅವರು ಹೆದರುವುದು ಊರಿಗೆಲ್ಲ ಗೊತ್ತಿರುವ ಸಂಗತಿ. ಐದು ಗಂಟೆಗೆ ಗಾಡಿ ಅಂಗಳದಿಂದ ಇಳಿಯುತ್ತದೆ. ಒಂದು, ಎರಡು ಸಲೀಸು. ಮೂರನೆಯ ಗೇರು ಬೀಳುವಾಗ ಸಣ್ಣದೊಂದು ಎಳೆತ. "ಇನ್ನೂ ಆಯಿಲ್ ಕುಡೀಬೇಕು ಅದು, ಸರಿಹೋಗತ್ತೆ" ಎನ್ನುತ್ತಾರೆ ಡೆಲ್ಫಾ. ಸರಿಹೋಗದಿದ್ದರೆ? ಅವರಾಗಲೇ ಗಾಡಿ ನಿಲ್ಲಿಸಿ, ಆಯಿಲ್ ಸೋರುತ್ತಿದೆಯೇ ಎಂದು ಕೆಳಗೆ ಬಗ್ಗಿ ನೋಡುತ್ತಿದ್ದಾರೆ.

ಸೋಮವಾರ. ಮುನ್ನೂರಕ್ಕೂ ಹೆಚ್ಚು ಡಬ್ಬಿ ಮುಗಿಸಿ ಮಧ್ಯಾಹ್ನ ಹನ್ನೆರಡೂವರೆಗೆ ಪಿಕಪ್ ಕೇನಿ ಹೊಳೆಯ ದಡದಲ್ಲಿ ನಿಲ್ಲುತ್ತದೆ. ನಿವೃತ್ತಿಗೆ ನಾಲ್ಕು ವರ್ಷ ಉಳಿದಿದೆ, ಆಸೆ ಏನು ಎಂದು ಕೇಳಿದರೆ ಡೆಲ್ಫಾ ನೀರನ್ನೇ ನೋಡುತ್ತಾ ಹೇಳುತ್ತಾರೆ: "ನಾನು ಹೋದ್ಮೇಲೆ ಬರೋರಿಗೂ ಈ ಹೊಳೆ ದಾಟೋ ಗಾಡಿ ಇರ್ಲಿ. ಅಷ್ಟೇ." ಎಡಗಾಲು ಚಾಚಿ, ಮೆಲ್ಲಗೆ ನೀರಿಗೆ ಇಳಿಸುತ್ತಾರೆ. ಚಕ್ರದ ಅರ್ಧದವರೆಗೆ ನೀರು. ಆಚೆ ದಡದ ಏರು, ಮಂಗಳವಾರ ಕೈಕೊಟ್ಟ ಅದೇ ಜಾಗ. ಗೇರು ತಾನಾಗಿ ಕೆಳಕ್ಕಿಳಿಯುತ್ತದೆ, ಹಿಡಿಯುತ್ತದೆ, ಗಾಡಿ ಹತ್ತುತ್ತದೆ. ಡೆಲ್ಫಾ ಸ್ಟಿಯರಿಂಗನ್ನು ಎರಡು ಸಲ ತಟ್ಟುತ್ತಾರೆ.

ಹತ್ತು ಮನೆಗಳಾದ ಮೇಲೆ ಹನ್ನೊಂದನೆಯದು. ಡಬ್ಬಿಯ ಕಂಬದ ಬುಡದಲ್ಲಿ ಒಂದಡಿ ಮಣ್ಣು ಅಗೆದಿದೆ. ಕಂಬಕ್ಕೆ ಗುದ್ದಲಿ ಒರಗಿಸಿದೆ. ಪಕ್ಕದಲ್ಲಿ ಗಂಡನ ಕಾಲದ ಟೊಪ್ಪಿ ಹಾಕಿಕೊಂಡು ಝೆಲ್ಲಾ ಮೇಬ್ರಿ ಕೈಕಟ್ಟಿ ನಿಂತಿದ್ದಾರೆ.

"ಬರಲ್ಲ ಅಂದ್ಕೊಂಡೆ ಕಣೇ. ನೀನು ಬರದೆ ಇದ್ರೆ ಇವತ್ತು ಸಂಜೆ ಕೀಳೋಣ ಅಂತಿದ್ದೆ."

"ಸ್ವಲ್ಪ ತಡ ಆಯ್ತು, ಮಿಸ್ ಝೆಲ್ಲಾ. ನಿಮ್ಮನೆ ಹತ್ರ ಒಂದು ತಿರುವು ತಪ್ಪಿದ್ದೆ."

"ಮೂವತ್ತು ವರ್ಷದಿಂದ ಬರ್ತಿದೀಯ, ನಮ್ಮನೆ ಹತ್ರ ಯಾವ ತಿರುವೇ?"

ಡೆಲ್ಫಾ ನಗುತ್ತಾ ಆರು ದಿನದ ಕಾಗದದ ಕಟ್ಟನ್ನು ಕಿಟಕಿಯಿಂದ ಚಾಚುತ್ತಾರೆ. ಝೆಲ್ಲಾ ಅದನ್ನು ಎದೆಗವಚಿ ಹಿಡಿದು, ಕಂಬದ ಬುಡದ ಗುಂಡಿಯನ್ನು ನೋಡಿ, ಅಗೆದ ಮಣ್ಣನ್ನು ಬೂಟುಗಾಲಿನಿಂದ ಮತ್ತೆ ಅದರೊಳಗೇ ತಳ್ಳಿ ತುಳಿಯುತ್ತಾರೆ.

"ಹಾಗಾದ್ರೆ ಗುದ್ದಲಿ ಒಳಗಿಡ್ಲಾ?"

"ಬೇಡಿ" ಎಂದು ಡೆಲ್ಫಾ ಗೇರು ಹಾಕುತ್ತಾರೆ. "ಆಲೂಗಡ್ಡೆ ನೆಡೋ ಕಾಲ ಬಂತಲ್ಲ, ಅದಕ್ಕೆ ಬೇಕಾಗತ್ತೆ."