ತೊಳೆದಿಟ್ಟ ಪಾಟಿ

ಹೈಡ್ರೋಜನ್ನಿನ ಎರಡು ಪರಮಾಣುಗಳು ಒಂದನ್ನೊಂದು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡಿವೆ, ಬಿಡಿಸಬೇಕಾದರೆ ಎಷ್ಟು ಶಕ್ತಿ ಬೇಕು ಎಂದು ಲೆಕ್ಕ ಹಾಕುವುದು ನನ್ನ ಮತ್ತು ನನ್ನ ಗೆಳೆಯನ ಕೆಲಸವಾಗಿತ್ತು. ಹೈದರಾಬಾದಿನ ನಮ್ಮ ಗುರುಗಳ ಪದ್ಧತಿ ಒಂದೇ: ಇಬ್ಬರೂ ಬೇರೆ ಬೇರೆ ಕುಳಿತು ಮಾಡಬೇಕು, ಇಬ್ಬರ ಉತ್ತರವೂ ಒಂದಕ್ಕೊಂದು ಕೂಡಿದರೆ ಮಾತ್ರ ಬರೆದುಕೊಳ್ಳಬೇಕು. ಒಬ್ಬನೇ ಮಾಡಿದ್ದನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ನಡುವೆ ಗೆಳೆಯನಿಗೆ ಕ್ಷಯ ಅಂಟಿತು. ಭಾಲ್ಕಿಯ ಮನೆಗೆ ಬಂದು ಮಲಗಿದ. ನಾನು ಬೀದರಿನ ಸಾಲೆಯೊಂದರಲ್ಲಿ ಮಾಸ್ತರಿಕೆ ಹಿಡಿದು, ಭಾನುವಾರಕ್ಕೊಮ್ಮೆ ರೈಲು ಹತ್ತುತ್ತಿದ್ದೆ. ಮಲಗಿ ಬರೆದರೆ ಪೆನ್ನಿನ ಮಸಿ ಇಳಿಯದು. ಅದಕ್ಕೆ ಅವನು ಬಳಪ ಹಿಡಿದು, ಚಿಕ್ಕಂದಿನ ಪಾಟಿಯನ್ನೇ ಎದೆಯ ಮೇಲೆ ಇಟ್ಟುಕೊಂಡಿದ್ದ. ನಾನು ಬಾಗಿಲಲ್ಲಿ ಕಂಡೊಡನೆ ಅಂಗೈಯಿಂದ ಉತ್ತರ ಮುಚ್ಚುತ್ತಿದ್ದ.

"ಮೊದಲ ನಿಂದು ಹೇಳಲೇ. ಕಳ್ಳ ಇದ್ದೀ ನೀ."

"ನೀನೇ ಹೇಳು. ಜ್ವರದಾಗ ಏನೇನು ಗೀಚಿದಿಯೋ!"

ಅಂಕಿ ಕೂಡಿದರೆ ಇಬ್ಬರೂ ಕೂಗಾಡುತ್ತಿದ್ದೆವು. ಅವನಿಗೆ ಕೆಮ್ಮು ಹತ್ತುತ್ತಿತ್ತು. ಅವನ ತಾಯಿ ಒಳಗಿನಿಂದ ಬೈಯುತ್ತಿದ್ದಳು: "ಸಾಕು ಮಾಡ್ರೋ! ಹೊಟ್ಟಿಗಿ ಹಾಕ್ತದೇನು ನಿಮ್ಮ ಲೆಕ್ಕ?"

ಕೊನೆಗೆ ಒಂದೇ ಒಂದು ಅಂಕಿ ಉಳಿಯಿತು, ಎರಡು ಎಲೆಕ್ಟ್ರಾನುಗಳು ಒಂದನ್ನೊಂದು ದೂಡುವ ಶಕ್ತಿಯದು. ಹಾಳಾದ್ದು, ಎಷ್ಟು ಕಾಡಿಸಿತು! "ಇದೊಂದು ಮುಗಿಸೇ ಸಾಯ್ತೇನಿ ನೋಡು" ಎಂದ. ಬಾಯಿ ಮುಚ್ಚು ಎಂದು ಗದರಿದೆ.

ಮುಂದಿನ ಭಾನುವಾರ ಹೋಗಲಾಗಲಿಲ್ಲ. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವಾರ ಅದು. ಸಾಲೆಯಲ್ಲಿ ಮೆರವಣಿಗೆ, ಭಾಷಣ, ಪೇಡೆ. ಅದರ ಮರುವಾರ ನನ್ನ ಉತ್ತರದ ಚೀಟಿ ಜೇಬಿನಲ್ಲಿಟ್ಟುಕೊಂಡು, ಅವನಿಗೂ ಪೇಡೆ ಕಟ್ಟಿಸಿಕೊಂಡು ಹೋದೆ. ಓಣಿಯ ಹೆಣ್ಣುಮಕ್ಕಳು ಅವನ ಮನೆ ಸಾರಿಸುತ್ತಿದ್ದರು. ಗುರುವಾರವೇ ಹೋಗಿಬಿಟ್ಟಿದ್ದನಂತೆ. ತಾರು ಕಳಿಸಿದ್ದರಂತೆ, ನನಗೆ ಮುಟ್ಟಿರಲಿಲ್ಲ.

ತಾಯಿ ನನ್ನ ಕೈ ಹಿಡಿದು ಅತ್ತಳು. "ಲೆಕ್ಕ ಮುಗೀತು ಯವ್ವಾ ಅಂತ ಬುಧವಾರ ಭಾಳ ಖುಷಿಲೆ ಅಂದ. ಎಷ್ಟು ಬಂತೋ ಅಂದ್ರ ಹೇಳಲಿಲ್ಲಪಾ. ಅಂವ ಬಂದ ಮ್ಯಾಲೇ ಹೇಳ್ತೇನಿ ಅಂದ."

ಆಮೇಲೆ ಸೆರಗಿನಿಂದ ಒರೆಸುತ್ತ ಪಾಟಿ ತಂದು ಕೊಟ್ಟಳು. ಸೂತಕದ ಮನೆ, ಅವನು ಮುಟ್ಟಿದ್ದನ್ನೆಲ್ಲ ತೊಳೆದಿದ್ದರು. ಪಾಟಿಯ ಮೇಲೆ ಒಂದು ಗೆರೆಯೂ ಇರಲಿಲ್ಲ.

"ನಿನಗ ಕೊಡಬೇಕಂತ ಬೂದಿ ಹಚ್ಚಿ ಸ್ವಚ್ಛ ತೊಳದೀನಿ ತಮ್ಮಾ."

ಪಾಟಿಯನ್ನು ಮಗುಚಿ ಹಿಂಬದಿಯನ್ನೂ ನೋಡಿದೆ. ಅವಳ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಪಾಟಿ ಇನ್ನೂ ಹಸಿಯಾಗಿತ್ತು.

"ಲೆಕ್ಕ ಕೂಡಿತೇನಪಾ ನಿಮ್ದು?" ಎಂದು ಕೇಳಿದಳು.

ಜೇಬಿನಲ್ಲಿದ್ದ ಚೀಟಿಯ ಮೇಲೆ ಅಂಗೈ ಇಟ್ಟುಕೊಂಡೆ.

"ಕೂಡಿತ್ರೀ ಯವ್ವಾ" ಎಂದೆ.