ಎಸ್ಕಿಲ್‌ಸ್ಟುನಾಗೆ ಹೊರಟ ಹೆಸರಿಲ್ಲದ ಕತ್ತಿ

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಆರೂವರೆಗೆ ನಾವಿಬ್ಬರು ಹೆಂಗಸರು ಸ್ವೀಡನ್ನಿನ ಮೋಲ್ನ್‌ಡಾಲ್ ಸ್ಟೇಷನ್ನಿನಲ್ಲಿ ರೈಲಿಗಾಗಿ ಕಾಯುತ್ತಿದ್ದೆವು. ಒಬ್ಬಳು ನಾನು, ಇನ್ನೊಬ್ಬರು ಪಕ್ಕದ ಮನೆಯ ಬಿರ್ಗಿಟ್ಟಾ, ವಯಸ್ಸು ಎಂಬತ್ತೊಂದು. ನಮ್ಮ ನಡುವೆ ಬೀಗ ಹಾಕಿದ ಉದ್ದನೆಯ ಸ್ಕೀ ಪೆಟ್ಟಿಗೆ, ಅದರೊಳಗೆ ನನ್ನ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿಟ್ಟ ಜಪಾನೀ ಕತ್ತಿ. ಹೊರಗೆ ಆರು ಡಿಗ್ರಿ, ಜಿಟಿಜಿಟಿ ಮಳೆ ಬೇರೆ. ಬಿಡಲು ಬಂದಿದ್ದ ನನ್ನ ಗಂಡ ಗಿರೀಶ್, "ಪೊಲೀಸ್ ಹಿಡಿದ್ರೆ ಫೋನ್ ಮಾಡು, ನನ್ ಪರಿಚಯ ಇಲ್ಲ ಅಂತ ಹೇಳ್ತೀನಿ" ಎಂದು ನಗಿಸಿ ಹೋದರು.

ಕತ್ತಿ ಬಿರ್ಗಿಟ್ಟಾರ ತಂದೆಯದು. ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿದವರು ಅವರು. ಜಪಾನಿನ ಕೋಬೆ ಬಂದರಿನಲ್ಲಿ ಒಬ್ಬ ಮುದುಕನ ಸಂಸಾರಕ್ಕೆ ಏನೋ ಉಪಕಾರ ಮಾಡಿದ್ದಕ್ಕೆ ಆತ ಇದನ್ನು ಕೈಗಿತ್ತು, "ಬಹಳ ಹಳೆಯದು, ಒಕಾಯಾಮಾ ಸೀಮೆಯದು" ಎಂದನಂತೆ. ಸಾಯುವವರೆಗೂ ಅವರು ಅದನ್ನೇ ಹೇಳಿದರು, ಒಬ್ಬರೂ ನಂಬಲಿಲ್ಲ. ಬಿರ್ಗಿಟ್ಟಾರ ತಮ್ಮ ಲಾರ್ಶ್ ಅಂತೂ, ಹಳೆಯ ಕತ್ತಿಯಾದರೆ ಮಾಡಿದವನ ಹೆಸರು ಕೆತ್ತಿರಬೇಕಿತ್ತು, ಇದರಲ್ಲಿ ಒಂದಕ್ಷರವೂ ಇಲ್ಲ, ಅಪ್ಪ ಬಂದರಿನ ಅಂಗಡಿಯಲ್ಲಿ ಕೊಂಡು ಬುರುಡೆ ಬಿಟ್ಟ ಎನ್ನುತ್ತಿದ್ದ. ಬರುವ ಸೋಮವಾರ ನೆಲಮಾಳಿಗೆ ಖಾಲಿ ಮಾಡುವಾಗ ಇದನ್ನೂ ಗುಜರಿಗೆ ಹಾಕುವುದಾಗಿ ಹೇಳಿದ್ದ. ಬಿರ್ಗಿಟ್ಟಾರಿಗೆ ಕತ್ತಿಯ ಬೆಲೆ ಬೇಕಿರಲಿಲ್ಲ. ಅಪ್ಪ ಸುಳ್ಳು ಹೇಳಿದರೋ ಇಲ್ಲವೋ, ಅದೊಂದು ತಿಳಿಯಬೇಕಿತ್ತು.

ಇದರಲ್ಲಿ ನಾನು ತಲೆಹಾಕಿದ್ದು ಆಯುಧಪೂಜೆಯಿಂದ. ನಮ್ಮ ಮನೆಯಲ್ಲಿ ಆ ದಿನ ಲ್ಯಾಪ್‌ಟಾಪು, ಸೈಕಲ್ಲು, ಮಿಕ್ಸಿಗಳಿಗೆ ಕುಂಕುಮ. ಪ್ರತಿವರ್ಷ ಕೋಸಂಬರಿ ತಿನ್ನಲು ಬರುವ ಬಿರ್ಗಿಟ್ಟಾ ಈ ಸಲ, "ನಿಜವಾದ ಆಯುಧವೇ ಇದೆ, ಇಡಬಹುದೇ?" ಎಂದು ಹಿಂದಿನ ದಿನವೇ ಕತ್ತಿ ತಂದುಕೊಟ್ಟರು. ಮರದ ಹಿಡಿ ಸಡಿಲವಾಗಿ ಕಳಚಿತು. ಒಳಗಿನ ಕಬ್ಬಿಣಕ್ಕೆ ಕರಿತುಕ್ಕು. ನಾನು ಹುಣಸೆಹಣ್ಣು, ಉಪ್ಪು ತೆಗೆದುಕೊಂಡು ಕೂತೆ.

"ಲೇ, ಅದು ತಾಮ್ರದ ಚೊಂಬಲ್ಲ ಕಣೇ" ಎಂದರು ಗಿರೀಶ್.

"ನೀವು ಸುಮ್ನಿರಿ. ತುಕ್ಕು ಹಿಡಿದಿರೋದನ್ನ ದೇವ್ರ ಮುಂದೆ ಇಡಕ್ಕಾಗತ್ತಾ?"

ಒಂದು ಪಕ್ಕ ಫಳಫಳ ಹೊಳೆಯಿತು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು, ಇನ್ನೊಂದು ಪಕ್ಕ ಹಾಗೇ ಉಳಿಯಿತು. ಹೊಳೆಯುವ ಪಕ್ಕ ಮೇಲೆ ಮಾಡಿ ಕುಂಕುಮವಿಟ್ಟೆ. ಪೂಜೆಯ ಮರುದಿನ ಎಸ್ಕಿಲ್‌ಸ್ಟುನಾದ ಹೋಕನ್ ಅವರಿಂದ ಉತ್ತರ ಬಂತು. ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಅವರು ಜಪಾನಿನಲ್ಲಿದ್ದು ಹಳೆಯ ಕತ್ತಿ ಗುರುತಿಸುವುದನ್ನು ಕಲಿತವರು. ಗಿರೀಶ್ ಮೊದಲೇ ಇವರಿಗೆ ಕತ್ತಿಯ ಫೋಟೋ ಕಳಿಸಿದ್ದರು. ಶನಿವಾರ ಬನ್ನಿ ಎಂದು ಹೋಕನ್ ಬರೆದು, ಕೆಳಗೆ ಒಂದು ಸಾಲು ಸೇರಿಸಿದ್ದರು: "ಹಿಡಿಯೊಳಗಿನ ತುಕ್ಕನ್ನು ಯಾವ ಕಾರಣಕ್ಕೂ ಮುಟ್ಟಬೇಡಿ, ಕತ್ತಿಯ ವಯಸ್ಸು ಹೇಳುವುದು ಅದೇ." ಔಷಧ ಕಂಪನಿಯ ಲ್ಯಾಬಿನಲ್ಲಿ ಹತ್ತು ವರ್ಷ ಆಮ್ಲಗಳ ಜೊತೆ ಏಗಿದವಳು ನಾನು. ಹುಣಸೆಹುಳಿ ತುಕ್ಕನ್ನು ಏನು ಮಾಡುತ್ತದೆಂದು ನನಗಲ್ಲದೆ ಇನ್ನಾರಿಗೆ ಗೊತ್ತಿರಬೇಕು! ಆ ತಂದೆ ಕೊನೆಗೂ ಸುಳ್ಳುಗಾರನಾಗಿಯೇ ಉಳಿದರೆ ಅದು ನನ್ನ ಕೈಯಿಂದ.

ಗೋಥೆನ್‌ಬರ್ಗಿನಲ್ಲಿ ಸ್ಟಾಕ್‌ಹೋಮ್ ರೈಲು ಹಿಡಿದೆವು. ಒಂದು ಕಡೆಗೆ ತಲಾ ನಾನೂರ ಚಿಲ್ಲರೆ ಕ್ರೋನ, ಬಿರ್ಗಿಟ್ಟಾರಿಗೆ ಹಿರಿಯರ ರಿಯಾಯಿತಿ. ಆಲಿಂಗ್ಸೋಸ್ ದಾಟುತ್ತಿದ್ದಂತೆ ಮಳೆ ನಿಂತು ಹಳದಿ ಬರ್ಚ್ ಮರಗಳ ಮೇಲೆ ಬಿಸಿಲು ಬಿತ್ತು. ಟಿಕೆಟ್ ನೋಡಲು ಬಂದ ಹುಡುಗಿ ಪೆಟ್ಟಿಗೆ ನೋಡಿ, "ಇಷ್ಟು ಬೇಗ ಸ್ಕೀಯಿಂಗಾ?" ಎಂದಳು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಬಿರ್ಗಿಟ್ಟಾ, "ಅಲ್ಲ, ನನ್ನ ಅಪ್ಪನ ಕತ್ತಿ" ಎಂದುಬಿಟ್ಟರು. ಈ ದೇಶದಲ್ಲಿ ಸರಿಯಾದ ಕಾರಣವಿಲ್ಲದೆ ಚಾಕು ಒಯ್ಯುವಂತಿಲ್ಲ. ಹೋಕನ್ ಅವರ ಪತ್ರವನ್ನು ತಡಬಡಿಸಿ ತೋರಿಸಿದೆ. ಆಕೆ ಓದಿ, ಬೀಗ ಎಳೆದು ನೋಡಿ, "ಇಳಿಯುವವರೆಗೂ ತೆಗೆಯಬೇಡಿ. ನಿಮಗೆ ಒಳ್ಳೆಯದಾಗಲಿ" ಎಂದು ಮುಂದೆ ಹೋದಳು.

ಶೋವ್ಡೆ ಕಳೆದ ಮೇಲೆ ಬುತ್ತಿ ಬಿಚ್ಚಿದೆ. ಹುಣಸೆಹಣ್ಣಿನ ಮುಖ ನೋಡಲು ಮನಸ್ಸಾಗದೆ ಪುಳಿಯೋಗರೆ ಬಿಟ್ಟು ನಿಂಬೆಹಣ್ಣಿನ ಚಿತ್ರಾನ್ನ ಕಟ್ಟಿದ್ದೆ. ನನ್ನ ಡಬ್ಬಿ ಪಕ್ಕಕ್ಕಿಟ್ಟು, ಎಲ್ಲವನ್ನೂ ಹೇಳಿಬಿಟ್ಟೆ. ಬಿರ್ಗಿಟ್ಟಾ ಚಮಚ ಕೆಳಗಿಟ್ಟರು.

"ಒಂದು ಪಕ್ಕ ತಾನೇ?" ಎಂದರು. "ಇನ್ನೊಂದು ಪಕ್ಕ ಇದೆಯಲ್ಲ. ತಿನ್ನು, ತಣ್ಣಗಾಗುತ್ತೆ."

ಕತ್ರೀನೆಹೋಲ್ಮ್‌ನಲ್ಲಿ ಇಳಿದು, ಕಾಫಿ ಕುಡಿದು, ಇನ್ನೊಂದು ಸಣ್ಣ ರೈಲು ಹತ್ತಿದೆವು. ಹನ್ನೊಂದಕ್ಕೆ ಎಸ್ಕಿಲ್‌ಸ್ಟುನಾ. ಚಾಕು, ಕತ್ತರಿ, ಬೀಗಗಳಿಗೆ ಹೆಸರಾದ ಕಮ್ಮಾರರ ಊರು, ನಡುವೆ ಹೊಳೆ. ಹೋಕನ್ ಅವರ ಮನೆ ಮೂರನೇ ಮಹಡಿ. ದಾರಿಯಲ್ಲಿ ನಾವಿಬ್ಬರೂ ಒಂದು ಮಾತು ಮಾಡಿಕೊಂಡೆವು: ಒಕಾಯಾಮಾ ಎಂಬ ಹೆಸರನ್ನು ನಾವಾಗಿ ಎತ್ತಬಾರದು.

ಹೋಕನ್ ಕತ್ತಿಗೆ ತಲೆಬಾಗಿ ನಮಸ್ಕರಿಸಿ ಕೈಗೆತ್ತಿಕೊಂಡರು. ಭಲೇ, ನಮ್ಮ ಪೈಕಿಯ ಮನುಷ್ಯ ಅಂದುಕೊಂಡೆ. ಹಿಡಿ ಕಳಚಿದ್ದೇ ಮುಖ ಕಪ್ಪಿಟ್ಟಿತು. "ಇದನ್ನು ಉಜ್ಜಿದವರು ಯಾರು?"

"ನಾನೇ" ಎಂದೆ. "ದೇವರ ಮುಂದೆ ಇಡಲು."

ಅವರು ನನ್ನನ್ನು ಐದು ನಿಮಿಷ ಬೈದರು. ಸ್ವೀಡನ್ನಿಗೆ ಬಂದ ಮೇಲೆ ಅಂಥ ಬೈಗುಳ ಕೇಳಿದ್ದು ಅದೇ ಮೊದಲು, ಒಪ್ಪಿಕೊಂಡೆ. ಬಳಿಕ ಕತ್ತಿಯನ್ನು ಮಗುಚಿದರು. ದೀಪದ ಕೆಳಗೆ ಹಿಡಿದು ಭೂತಗನ್ನಡಿ ಇಟ್ಟರು.

"ಈ ತುಕ್ಕು ನೂರಿನ್ನೂರು ವರ್ಷದ್ದಲ್ಲ, ಇನ್ನೂ ಹಳೆಯದು. ಹಿಡಿಯ ಮೊಳೆಗೆ ಒಂದು ತೂತು ಸಾಕು, ಇಲ್ಲಿ ಎರಡಿವೆ ನೋಡಿ. ಮೊದಲು ಕತ್ತಿ ಇನ್ನೂ ಉದ್ದವಿತ್ತು. ಸೊಂಟಕ್ಕೆ ಒಗ್ಗಲಿ ಎಂದು ಯಾರೋ ನಾನೂರು ವರ್ಷದ ಹಿಂದೆ ಬುಡದ ಕಡೆಯಿಂದ ಕತ್ತರಿಸಿದ್ದಾರೆ. ಹೆಸರು ಕೆತ್ತುವುದು ಬುಡದಲ್ಲೇ. ಇದ್ದ ಹೆಸರು ಆ ತುಂಡಿನ ಜೊತೆ ಹೋಯಿತು."

ಬಿರ್ಗಿಟ್ಟಾ ನನ್ನ ಕೈ ಹಿಡಿದುಕೊಂಡರು.

ಮೆತ್ತನೆಯ ಕಾಗದದಿಂದ ಅಲಗು ಒರೆಸಿ ಹೋಕನ್ ನಮ್ಮನ್ನು ಹತ್ತಿರ ಕರೆದರು. ಉಕ್ಕಿನಲ್ಲಿ ಮರದ ಹಲಗೆಯಂತೆ ಎಳೆಗಳು. ಅಲಗಿನ ಹರಿತದ ಅಂಚಿನುದ್ದಕ್ಕೂ ಬಿಳಿಯ ಗೆರೆ ಸಣ್ಣ ಸಣ್ಣ ಮೊಗ್ಗುಗಳಾಗಿ ಎದ್ದಿತ್ತು. "ಇದನ್ನು ಲವಂಗದ ಮಾದರಿ ಅನ್ನುತ್ತಾರೆ" ಎಂದರು.

"ನಾವು ಪಲಾವಿಗೆ ಹಾಕುವ ಲವಂಗವೇ?"

"ಅದೇ." ಮೊದಲ ಸಲ ನಕ್ಕರು. "ಅದರ ಮೇಲೆ, ಕನ್ನಡಿಗೆ ಉಸಿರು ಬಿಟ್ಟ ಹಾಗೆ ಮಸುಕು ಕಾಣಿಸುತ್ತಿದೆಯಲ್ಲ? ಇವೆರಡೂ ಹೀಗೆ ಒಟ್ಟಿಗಿದ್ದರೆ ನನಗೆ ಅನುಮಾನವಿಲ್ಲ. ಕಮ್ಮಾರ ಯಾರೆಂದು ಹೇಳಲಾರೆ, ಸೀಮೆ ಹೇಳಬಲ್ಲೆ. ಬಿಜೆನ್. ಕಡಿಮೆಯೆಂದರೂ ಆರು ನೂರು ವರ್ಷ ಹಳೆಯದು."

ಬಿಜೆನ್! ಒಕಾಯಾಮಾ ಅಲ್ಲ. ಬಿರ್ಗಿಟ್ಟಾ ಮೆಲ್ಲಗೆ ಕೇಳಿದರು, "ಈಗಿನ ನಕ್ಷೆಯಲ್ಲಿ ಅದು ಎಲ್ಲಿದೆ?"

"ಒಕಾಯಾಮಾ" ಎಂದರು ಹೋಕನ್.

ಆಕೆ ಕೂಗಿಕೊಂಡರು. ಎಂಬತ್ತೊಂದರ ಹೆಂಗಸು ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದರು, ನಾನು ಅತ್ತೆ, ಏನೂ ಅರ್ಥವಾಗದ ಹೋಕನ್ ಇಬ್ಬರಿಗೂ ದಾಲ್ಚಿನ್ನಿ ಬನ್ನು ಕೊಟ್ಟರು. ಅಲ್ಲೇ ನಿಂತು ಬಿರ್ಗಿಟ್ಟಾ ತಮ್ಮನಿಗೆ ಫೋನ್ ಮಾಡಿದರು. "ಲಾರ್ಶ್, ಅಪ್ಪ ಹೇಳಿದ್ದು ಅಕ್ಷರಶಃ ನಿಜ. ಊರು ಸಮೇತ." ಅವನು, ಎಷ್ಟು ಗಂಟೆಗೆ ಬರುತ್ತೀರಿ ಎಂದಷ್ಟೇ ಕೇಳಿದ.

ಹೋಕನ್ ಎರಡು ಪುಟ ಬರೆದು ಸಹಿ ಹಾಕಿ ಕೊಟ್ಟರು. ನನಗೆ ಬೇರೆಯಾಗಿ ಒಂದು ಎಚ್ಚರಿಕೆ: ಮುಂದಿನ ವರ್ಷವೂ ಪೂಜೆ ಮಾಡಿ, ಆದರೆ ಕೈ ಕಟ್ಟಿಕೊಂಡು.

ಸಂಜೆ ಆರರ ಹೊತ್ತಿಗೆ ಗೋಥೆನ್‌ಬರ್ಗ್ ತಲುಪಿದೆವು. ಪ್ಲಾಟ್‌ಫಾರ್ಮಿನಲ್ಲಿ ಲಾರ್ಶ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ, ಎಪ್ಪತ್ತಾರರ ದಪ್ಪ ಮನುಷ್ಯ, ಕಣ್ಣು ಕೆಂಪಗೆ. ಅಕ್ಕನ ಮುಖ ನೋಡಲಾರದೆ ಪೆಟ್ಟಿಗೆಗೆ ಕೈ ಚಾಚಿದ. "ಕೊಡು, ನಾನು ಹೊರುತ್ತೇನೆ."

ಬಿರ್ಗಿಟ್ಟಾ ಕೊಡಲಿಲ್ಲ. "ಮೊದಲು ಹೇಳು" ಎಂದರು.

ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಲಾರ್ಶ್ ಒಮ್ಮೆ ಕೆಮ್ಮಿದ. "ಅಪ್ಪ ಸುಳ್ಳು ಹೇಳಿರಲಿಲ್ಲ" ಎಂದ.

"ಇನ್ನೊಂದು ಸಲ."

"ಅಪ್ಪ ಸುಳ್ಳು ಹೇಳಿರಲಿಲ್ಲ!" ಈ ಸಲ ಪಕ್ಕದ ಪ್ಲಾಟ್‌ಫಾರ್ಮಿನವರೂ ತಿರುಗಿ ನೋಡಿದರು. ಆಗ ಬಿರ್ಗಿಟ್ಟಾ ಪೆಟ್ಟಿಗೆಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟರು, ಇನ್ನೊಂದು ತುದಿ ತಾವೇ ಹಿಡಿದರು. ಅಕ್ಕ ತಮ್ಮ ಹಾಗೆ ಹೊತ್ತುಕೊಂಡು ನಡೆದರು, ಹಿಂದೆ ಅವರ ಕೈಚೀಲ ಹಿಡಿದುಕೊಂಡು ನಾನು.